ಕೆಲಸ ಹೋಯಿತೆಂದು ಹೇಳುವವರಿಲ್ಲ

ಮಿಜಾರು, ಮೂಡುಬಿದಿರೆ, ಅತ್ತ ಬಂಟ್ವಾಳ, ಬೆಳ್ತಂಗಡಿಯ ಕಡೆ ಬೀಡಿ ಕಟ್ಟುವ ಹೆಂಗಸರನ್ನು ಕೆಲಸದಿಂದ ತೆಗೆದೆವೆಂದು ಯಾರೂ ಹೇಳುವುದಿಲ್ಲ. ಎಲೆ ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಕಾಂಟ್ರಾಕ್ಟರ್ “ಎಲೆ ಬರಲಿಲ್ಲಕ್ಕ, ಬರುವ ವಾರ ನೋಡುವ” ಎನ್ನುತ್ತಾನೆ. ಬರುವ ವಾರವೂ ಅದೇ ಮಾತು. ಹೀಗೆ ಸದ್ದಿಲ್ಲದೆ ಮುಗಿಯುವ ಕೆಲಸದ ಎದುರು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಇಟ್ಟು ನೋಡಿದರೆ ಅದರ ಬಲವೂ ಗೊತ್ತಾಗುತ್ತದೆ, ಬಿರುಕೂ.

ಬಲ ಸಣ್ಣದಲ್ಲ. ಎಲೆ, ಹೊಗೆಸೊಪ್ಪು ಕೊಡುವವನು ಕಾಂಟ್ರಾಕ್ಟರ್, ಲೇಬಲ್ ಕಂಪನಿಯದು. ಬಾಕಿ ಕೇಳಿದರೆ ಇವನು ಅವರನ್ನು ತೋರಿಸುತ್ತಾನೆ, ಅವರು ಇವನನ್ನು. ಗುತ್ತಿಗೆಯಲ್ಲಿ ದುಡಿಯುವವರ ಮಟ್ಟಿಗೆ ಉದ್ಯೋಗದಾತನೆಂದರೆ ಮೂಲ ಮಾಲೀಕನೇ ಎಂದು ಕಾಯ್ದೆ ಒಂದೇ ವ್ಯಾಖ್ಯೆಯಲ್ಲಿ ಈ ಆಟ ಮುಗಿಸಿತು. ಬೀಡಿ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1985ರ ಪಿ.ಎಂ. ಪಟೇಲ್ ತೀರ್ಪು ಇನ್ನೂ ಸೊಗಸು: ಕಟ್ಟಿದ ಬೀಡಿಯನ್ನು ಬೇಡವೆನ್ನುವ ಅಧಿಕಾರವಿದೆಯೆಂದರೆ ಅದೇ ಮೇಲ್ವಿಚಾರಣೆ, ಹಾಗಾಗಿ ಮನೆಯಲ್ಲಿ ಕಟ್ಟುವವಳಿಗೂ ಭವಿಷ್ಯನಿಧಿ ಸಲ್ಲಬೇಕು. ಅವಳ ಕೂಲಿ ಕತ್ತರಿಸುತ್ತಿದ್ದ ಪದ್ಧತಿಯೇ ಅವಳ ಪರ ಸಾಕ್ಷಿ ಹೇಳಿತು! ಬ್ರಿಟನ್ನಿನಲ್ಲಿ ‘ಅಂಬ್ರೆಲಾ ಕಂಪನಿ’ಗಳ ಮೂಲಕ ದುಡಿಯುವವರಿಗೆ ಸಾಮಾನ್ಯವಾಗಿ ನಡುವಿನ ಆ ಕಂಪನಿಯೇ ಮಾಲೀಕ, ಕೆಲಸ ಮಾಡಿಸಿಕೊಂಡವರು ಹೊರಗೆ. ಆ ಲೆಕ್ಕದಲ್ಲಿ ನಮ್ಮದು ಎದೆಗಾರಿಕೆಯ ಕಾನೂನೇ ಆಗಿತ್ತು.

ಬಿರುಕು ಇದ್ದದ್ದು 31ನೇ ಕಲಮಿನಲ್ಲಿ. ಆರು ತಿಂಗಳು ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದರ ಬದಲು ಸಂಬಳವನ್ನೋ ಕೊಡದೆ ತೆಗೆಯಬಾರದೆಂದು ಅದು ಹೇಳುತ್ತಿತ್ತು. ಸರಿ, ತೆಗೆದದ್ದು ಯಾವ ದಿನ? ಎಲೆ ಕೊಡುವ ವಿಷಯದ ತಕರಾರಿಗೆ 39ನೇ ಕಲಮಿನಲ್ಲಿ ಬೇರೆ ದಾರಿಯಿತ್ತು. ಅಂದರೆ ಕಾಯ್ದೆ ಬರೆದವರಿಗೆ ಎಲೆಯ ಆಟ ಗೊತ್ತಿತ್ತು. ಆದರೂ ಎಲೆ ನಿಲ್ಲಿಸುವುದೆಂದರೆ ಕೆಲಸದಿಂದ ತೆಗೆಯುವುದೇ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ.

2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಆ ಕಾಯ್ದೆಯೂ ಹೋಯಿತು. ಅವುಗಳಲ್ಲೊಂದಾದ ಸುರಕ್ಷತಾ ಸಂಹಿತೆಯ ಬೀಡಿ ಭಾಗದಲ್ಲಿರುವುದು ಪರವಾನಗಿ, ಮೇಲ್ಮನವಿ, ಮನೆಯಲ್ಲಿ ಕಟ್ಟಲು ಅನುಮತಿ, ಇಂಥವೇ. ನೋಟಿಸಿಗಾಗಿ ಇನ್ನೊಂದನ್ನು, ಕೈಗಾರಿಕಾ ಸಂಬಂಧ ಸಂಹಿತೆಯನ್ನು ತಡಕಬೇಕು. ಅಲ್ಲಿ ಆರು ತಿಂಗಳು ಸಾಲದು, ಒಂದು ವರ್ಷದ ನಿರಂತರ ಸೇವೆ ಬೇಕು. ಬಿಟ್ಟು ಬಿಟ್ಟು ಎಲೆ ಸಿಗುವ ಕಸುಬಿಗೆ ಈ ಅಳತೆ ಕ್ರೂರ. ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸುವ ಮಿತಿಯೂ 20ರಿಂದ 50 ಕಾರ್ಮಿಕರಿಗೆ ಏರಿದೆ. ಇದನ್ನು ಸರಳೀಕರಣವೆಂದು ಹೊಗಳಲು ನನಗಾಗದು.

ಹಳೆಯ ಕಾಯ್ದೆಗೂ ಹೊಸ ಸಂಹಿತೆಗೂ ಎಟುಕದ್ದು, ಕಟ್ಟಿಕೊಟ್ಟ ಬೀಡಿಯ ಲೆಕ್ಕ ಬರೆಯುವ ಬೀಡಿ ಪುಸ್ತಕ. ಅದು ಹೆಂಗಸಿನ ಚೀಲದಲ್ಲಿದ್ದರೂ ಬರೆಯುವ ಪೆನ್ನು ಬ್ರಾಂಚಿನದು. ಅತ್ತೆಯ ಹೆಸರಿನ ಪುಸ್ತಕಕ್ಕೆ ಸೊಸೆ ಕಟ್ಟಿದ ಬೀಡಿಯೂ ಸೇರಿದರೆ, ಭವಿಷ್ಯನಿಧಿ, ಗ್ರಾಚ್ಯುಟಿ ಅತ್ತೆಯ ಲೆಕ್ಕಕ್ಕೆ. ಬ್ರಾಂಚು ಮುಚ್ಚಿದ ದಿನ ಸೊಸೆ ನೋಟಿಸು ಕೇಳಲು ಹೋದರೆ, ಅವಳು ಅಲ್ಲಿ ದುಡಿದೇ ಇಲ್ಲವೆಂದು ಆ ಪುಸ್ತಕವನ್ನೇ ತೆರೆದು ತೋರಿಸಬಹುದು.