ಚೀಟಿ ಇಲ್ಲದ ಆರ್ಕಿಡ್

ಹೆಸರಿನ ಚೀಟಿ ಕಳೆದುಹೋದ ಫಲನಾಪ್ಸಿಸ್ ಆರ್ಕಿಡ್ ಮಿಶ್ರತಳಿಯೊಂದನ್ನು ಬಲ್ಲವರ ಕೈಗೆ ಕೊಟ್ಟು ನೋಡಬೇಕು. ಬಣ್ಣಕ್ಕೆ ಅವರು ಮರುಳಾಗುವುದಿಲ್ಲ. ಮೊದಲು ಎಲೆ ನೋಡುತ್ತಾರೆ. ಹಸಿರಿನ ಮೇಲೆ ಬೆಳ್ಳಿ ಮಚ್ಚೆಗಳಿದ್ದರೆ ಅದರ ಹಿರಿಯರಲ್ಲಿ ಫಿಲಿಪ್ಪೀನ್ಸ್‌ನ ಷಿಲ್ಲೆರಿಯಾನಾ ಅಥವಾ ಸ್ಟುವರ್ಟಿಯಾನಾ ಪ್ರಭೇದ ಇದ್ದೀತು. ಆಮೇಲೆ ಹೂವಿನ ತುಟಿ. ಅದರ ತುದಿಯಲ್ಲಿ ಎರಡು ಎಳೆ ಮೀಸೆ ಸುರುಳಿ ಸುತ್ತಿದ್ದರೆ ಅಮಾಬಿಲಿಸ್‌ನ ಕಡೆಯ ನೆಂಟಸ್ತಿಕೆ. ಹೊಳೆಯುವ ದಪ್ಪ ದಳ, ನಕ್ಷತ್ರದ ಆಕಾರ, ಅಡ್ಡಪಟ್ಟೆ ಕಂಡರೆ ಲೂಡೆಮಾನಿಯಾನಾದ ನೆನಪಾಗುತ್ತದೆ. ಕವಲೊಡೆದ ದಂಟಿನ ತುಂಬ ಪುಟ್ಟ ಹೂಗಳೇ? ಈಕ್ವೆಸ್ಟ್ರಿಸ್ ಇರಬಹುದು.

ಇಷ್ಟು ಓದಿಯೂ ಅವರು ಹೆಸರು ಹೇಳುವುದಿಲ್ಲ. ಈ ವಿದ್ಯೆಯಲ್ಲಿ ನನಗೆ ಅತಿ ಪ್ರಿಯವಾದದ್ದು ಆ ಸಂಯಮವೇ. ಅದಕ್ಕೆ ಕಾರಣವೂ ಇದೆ. ತೋಟಗಾರ ಜಾನ್ ಡೊಮಿನಿ ಬೆಳೆಸಿದ ಮಿಶ್ರತಳಿ ಆರ್ಕಿಡ್ ಕಲಾಂಥೆ ಇಂಗ್ಲೆಂಡಿನಲ್ಲಿ ಅರಳಿದ್ದು 1856ರಲ್ಲಿ. ಇಂದು ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ದಾಖಲೆಯಲ್ಲಿ ಆರ್ಕಿಡ್ ಮಿಶ್ರತಳಿಗಳ ಲಕ್ಷಕ್ಕೂ ಮೀರಿ ಹೆಸರುಗಳಿವೆ. ಆ ಹೆಸರು ನಿಂತಿರುವುದು ತಾಯಿತಂದೆಯರ ಮೇಲೆ. ಒಂದೇ ಕಾಯಿಯ ಬೀಜದಿಂದ ಬಂದ ಸಸಿಗಳು ಬೇರೆಬೇರೆ ಬಣ್ಣ ತಳೆಯುತ್ತವೆ. ಬೇರೆಬೇರೆ ಸಂಕರಗಳು ತೀರ ಒಂದೇ ಬಗೆಯ ಹೂ ಬಿಟ್ಟಾವು. ಆದ್ದರಿಂದ ಹೊಸ ಚೀಟಿಯಲ್ಲಿ ಅವರು ‘ಫಲನಾಪ್ಸಿಸ್ ಮಿಶ್ರತಳಿ’ ಎಂದಷ್ಟೇ ಬರೆದು, ಪಕ್ಕದಲ್ಲಿ ಹೂ ಬಿಟ್ಟ ತಿಂಗಳನ್ನು ಸೇರಿಸುತ್ತಾರೆ.