ನವಾವರಣ ಕೃತಿಗಳ ಗುರುತ್ವ

ಮುತ್ತುಸ್ವಾಮಿ ದೀಕ್ಷಿತರು (1775–1835) ತಿರುವಾರೂರಿನ ಕಮಲಾಂಬೆಯನ್ನು ಕುರಿತು ರಚಿಸಿದ ನವಾವರಣ ಕೃತಿಗಳನ್ನು ಕೊಂಡಾಡದ ವಿದ್ವಾಂಸರಿಲ್ಲ. ದಿನವೂ ಕೇಳಬಯಸುವ ರಸಿಕರಾದರೋ ವಿರಳ. ಇದಕ್ಕೆ ಸಂಸ್ಕೃತದ ಕಾಠಿನ್ಯವೇ ಕಾರಣವೆಂಬ ಮಾತು ಸಾಧುವಲ್ಲ. ಸಂಸ್ಕೃತಜ್ಞರಿಗೂ ಅವು ಭಾರವೇ. ದೀರ್ಘಸಮಾಸದ ಅನ್ವಯವು ಕಡೆಯ ವಿಭಕ್ತಿಪ್ರತ್ಯಯದಿಂದ ತಿಳಿಯತಕ್ಕದ್ದು. ವಿಳಂಬಕಾಲದಲ್ಲಿ ಆ ಪ್ರತ್ಯಯವು ಬರುವವರೆಗೆ ಕೇಳುವವನು ಪೂರ್ವಪದಗಳನ್ನೆಲ್ಲ ಮನಸ್ಸಿನಲ್ಲಿ ಹೊತ್ತಿರಬೇಕು. ಚತುರ್ಥೀವಿಭಕ್ತಿಯ ಕಾಂಭೋಜಿ ಕೃತಿಯು 14 ಅಕ್ಷರಗಳ ಅಟತಾಳದಲ್ಲಿ ನಡೆಯುವುದರಿಂದ ಅಲ್ಲಿ ಈ ಹೊರೆ ಮತ್ತಷ್ಟು ಹೆಚ್ಚು. ವಿಭಕ್ತಿಗಳೆಲ್ಲವೂ ಕೂಡಿದ ಆಹಿರಿರಾಗದ ಕೃತಿಯು ವೈಯಾಕರಣರಿಗೆ ಹಬ್ಬವೇ ಸರಿ, ಉಳಿದವರಿಗೆ ವ್ರತ. ನವರಾತ್ರಿಯಲ್ಲಿ ದಿನಕ್ಕೊಂದರಂತೆ ಹಾಡುವ ಸಂಪ್ರದಾಯವು ಈ ಗುರುತ್ವವನ್ನು ಅರಿತೇ ನಿಂತಿದೆ. ಧ್ಯಾನ, ಮಂಗಳಗಳೊಡನೆ 11 ಕೃತಿಗಳನ್ನೂ ಒಂದೇ ಕಚೇರಿಯಲ್ಲಿ ಮುಗಿಸುವುದೂ ಉಂಟು. ಅಲ್ಲಿ ಕಾಲವನ್ನು ತ್ವರೆಗೊಳಿಸಿದರೆ ಆಹಿರಿಯ ಗಮಕಗಳು ಮೊದಲು ಕೆಡುವುವು.