ಒಂದು ಕಮಾನಿನ ಬೆನ್ನು ಹತ್ತಿ

ವಿಜಯಪುರದ ಗೋಳಗುಮ್ಮಟಕ್ಕೆ ಜನ ಕೇಳಲು ಹೋಗುತ್ತಾರೆ. ನೋಡಲು ಹೋಗುವವರು ಕಡಿಮೆ. ಜೈನಾಪುರ, ತಿಕೋಟಾ, ಬಬಲೇಶ್ವರದ ಕಡೆಯಿಂದ ಬೀಗರನ್ನು ಕರೆತಂದವರೂ ಒಳಗೆ ಕಾಲಿಟ್ಟೊಡನೆ ಮೆಟ್ಟಿಲು ಹುಡುಕುತ್ತಾರೆ. ಮೇಲೇರಿ ಚಪ್ಪಾಳೆ ತಟ್ಟಿ, ಕೂಗಿ, ಇಳಿದು ಹೊರಟೇಬಿಡುತ್ತಾರೆ. ಪಿಸುಮಾತಿನ ಗ್ಯಾಲರಿ ಎಲ್ಲಿಗೂ ಓಡಿಹೋಗದು. ಮೊದಲು ಕೆಳಗೇ ನಿಲ್ಲಿ. ನೋಡಬೇಕಾದ ಕಮಾನುಗಳು ಗ್ಯಾಲರಿಯ ಅಡಿಯಲ್ಲಿವೆ, ಮೇಲೆ ಹೋದವರಿಗೆ ಅವು ಇಡಿಯಾಗಿ ಕಾಣುವುದಿಲ್ಲ.

ಕತ್ತೆತ್ತಿದರೆ ಮೊದಲು ಗೊಂದಲವೇ. ಮೂಲೆಮೂಲೆಯಲ್ಲಿ ತ್ರಿಕೋನ, ವಜ್ರಾಕೃತಿ, ಅರ್ಧ ನಕ್ಷತ್ರ. ಆಕೃತಿಗಳನ್ನು ಎಣಿಸಲು ಹೋಗಬೇಡಿ. ಒಂದೇ ಒಂದು ಕಮಾನು ಆರಿಸಿ, ಅದರ ಕಾಲಿನಿಂದ ಕಣ್ಣನ್ನು ಮೇಲಕ್ಕೆ ಹರಿಸಿ. ಅದು ಪಕ್ಕದ ಕಮಾನನ್ನು ಕತ್ತರಿಸಿಕೊಂಡು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುವಾಗ ಇನ್ನೊಂದನ್ನು ದಾಟುತ್ತದೆ. ಚುಕ್ಕಿ ರಂಗೋಲಿ ಹಾಕುವ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಿಲ್ಲ: ನೋಡುವವರಿಗೆ ಕಾಣುವುದು ಮನೆಗಳು, ಹಾಕುವವರಿಗೆ ಗೊತ್ತಿರುವುದು ಎಳೆಯ ದಾರಿ. ಹೀಗೆ ಎಂಟು ಕಮಾನು ಮುಗಿಸಿದರೆ ಲೆಕ್ಕ ಬಿಚ್ಚಿಕೊಳ್ಳುತ್ತದೆ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕ, ಆ ಚೌಕಗಳ ಎಂಟು ಬದಿಗಳೇ ಎಂಟು ಕಮಾನು. ನಡುವೆ ಉಳಿದ ಎಂಟುಮೂಲೆಯ ಜಾಗದ ಮೇಲೆ ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟ ಕೂತಿದೆ.

ನಯವಾಗಿ ಮುಂದುವರಿಯುವ ಗೆರೆಯನ್ನು, ನಡುವೆ ಏನೇ ಅಡ್ಡ ಬಂದರೂ, ಕಣ್ಣು ಒಂದೇ ವಸ್ತುವೆಂದು ಹಿಡಿಯುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ ಇದನ್ನು ನಿಯಮವಾಗಿ ಬರೆದದ್ದು 1923ರಲ್ಲಿ. 1656ರಲ್ಲಿ ತೀರಿಕೊಂಡ ಸುಲ್ತಾನ ಮುಹಮ್ಮದ್ ಆದಿಲ್‌ಶಾಹನ ಈ ಗೋರಿಯಲ್ಲಿ ಕಣ್ಣಿನ ಆ ಗುಣಕ್ಕೆ ಆಗಲೇ ಕೆಲಸ ಸಿಕ್ಕಿತ್ತು. ಆದರೆ ಇದು ಬರೀ ಚಂದಕ್ಕೆ ಮಾಡಿದ್ದಲ್ಲ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಒಳಕ್ಕೆ ಚಾಚಿದ ಕಮಾನುಗಳ ಭಾರ ಅದಕ್ಕೆ ಎದುರು ನಿಲ್ಲುತ್ತದೆ.

ಊರಿನ ಪಶ್ಚಿಮ ಅಂಚಿನ ಇಬ್ರಾಹಿಂ ರೋಜಾದಲ್ಲಿ ಬೇರೆ ಆಟ. ಅಲ್ಲಿನ ಜಾಲಂಧ್ರಗಳಲ್ಲಿ ಅರಬ್ಬೀ ಅಕ್ಷರಗಳೇ ಕಲ್ಲು, ಅಕ್ಷರಗಳ ನಡುವಿನ ಸಂದೇ ಕಿಂಡಿ. ಹೊರಗೆ ನಿಂತರೆ ಕತ್ತಲೆಯ ಮುಂದೆ ಅಕ್ಷರ ಎದ್ದು ಬರುತ್ತದೆ. ಒಳಗೆ ಹೋಗಿ, ಕತ್ತಲೆಗೆ ಕಣ್ಣು ಒಗ್ಗುವವರೆಗೆ ಕಾದು, ತಿರುಗಿ ನೋಡಿ: ಈಗ ಬೆಳಕಿನ ತುಣುಕುಗಳೇ ಚಿತ್ರ, ಅಕ್ಷರ ಹಿನ್ನೆಲೆ. ಓದಲು ಬಾರದಿದ್ದರೆ ಚಿಂತೆಯಿಲ್ಲ. ಮೇಲಕ್ಕೆ ನೆಟ್ಟಗೆ ನಿಂತ ಗೆರೆಗಳನ್ನಷ್ಟೇ ಹುಡುಕಿ. ಅವುಗಳ ನಡುವಿನ ಅಂತರದಲ್ಲಿ ಲಯ ಸಿಗುತ್ತದೆ. ಓದಬಲ್ಲವರು ಅರ್ಥದ ಬೆನ್ನು ಹತ್ತಿ ಈ ಲಯವನ್ನು ತಪ್ಪಿಸಿಕೊಳ್ಳುವುದೂ ಉಂಟು.

ಗೋಳಗುಮ್ಮಟದ ಎತ್ತರ ಕಣ್ಣಿಗೆ ದಕ್ಕದಿದ್ದರೆ ಜಾಮಿಯಾ ಮಸೀದಿಯಿಂದಲೇ ಶುರುಮಾಡಿ. ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರ ದಶಕದಲ್ಲಿ ಕಟ್ಟಲು ತೊಡಗಿದ ಅದರ ಗುಮ್ಮಟದಡಿಯಲ್ಲೂ ಇದೇ ಕಮಾನುಗಳ ಹೆಣಿಗೆಯಿದೆ. ಅಳತೆ ಚಿಕ್ಕದು, ಗದ್ದಲ ಕಡಿಮೆ, ಕತ್ತೂ ಅಷ್ಟು ನೋಯುವುದಿಲ್ಲ.